ಹಜಾರಕ್ಕೆ ಕೇಳದ ದನಿ

ಹಳೇಕೋಟೆ,
ಹೊಳೆನರಸೀಪುರ ತಾಲ್ಲೂಕು.
17-11-2024, ಭಾನುವಾರ

ಚಿ. ಸೌ. ಅನುಶ್ರೀಗೆ ಆಶೀರ್ವಾದ.

ಇದು ಹಳೇಕೋಟೆ ಪಟೇಲರ ಮನೆಯ ಹಿರಿಸೊಸೆ ಬೆಟ್ಟಮ್ಮ ಬರೆಯುತ್ತಿರುವ ಕಾಗದ. ಯಜಮಾನರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಈ ಮನೆಯನ್ನೂ ಗದ್ದೆಯನ್ನೂ ಒಬ್ಬಳೇ ನಡೆಸಿಕೊಂಡು ಬಂದವಳು ನಾನು. 1976ರಲ್ಲಿ ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ನಮ್ಮ ವಂಶದ ಹೆಂಗಸರಲ್ಲಿ ಮೊದಲನೆಯವಳು. ನಿನ್ನ ಮೊದಲ ಗಂಡ ಕಾಂತರಾಜುವಿನ ತಾಯಿ. ಇದೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ. ಈ ಕಾಗದ ನಾಳೆ ಬೇರೆ ಯಾರ ಕೈಗಾದರೂ ಹೋದರೆ, ಬರೆದವಳು ಯಾರು, ಯಾವ ಅಧಿಕಾರದಿಂದ ಬರೆದಳು ಎಂದು ಅವರಿಗೂ ತಿಳಿಯಲಿ ಎಂದು ಹಾಕಿದ್ದೇನೆ.

‘ಸೌ’ ಎಂದು ಬರೆಯುವಾಗ ಪೆನ್ನು ನಿಂತಿತು. ನನ್ನ ಮಗ ತೀರಿಕೊಂಡ ವರ್ಷ ನಿನ್ನ ಹೆಸರಿನ ಮುಂದಿನಿಂದ ಆ ಅಕ್ಷರವನ್ನು ತೆಗೆದವಳು ನಾನೇ. ನೀನು ದೇವರಾಜುವನ್ನು ಮದುವೆಯಾದ ಮೇಲೆ ಅದು ನಿನಗೆ ಸಲ್ಲುತ್ತದೆ. ಸಲ್ಲಬೇಕಾದ್ದನ್ನು ಬರೆದಿದ್ದೇನೆ, ಅಷ್ಟೇ.

ಫೋನು ಮಾಡಬಹುದಿತ್ತು. ಆದರೆ ಹೋದ ವರ್ಷ ನನ್ನ ಮೈದುನ ಕೆಂಪಣ್ಣ ನಾಲ್ಕು ಜನ ಹಿರಿಯರನ್ನು ಕೂರಿಸಿ ನಿನ್ನಿಂದ ರುಜು ಹಾಕಿಸಿಕೊಂಡದ್ದು ಕಾಗದದ ಮೇಲೆ. ಅದಕ್ಕೆ ಉತ್ತರವೂ ಕಾಗದದ ಮೇಲೆಯೇ ಇರಬೇಕು. ನಿನ್ನೆ ನಾನು ಮಾಡಿದ ಕೆಲಸಕ್ಕೆ ಕಾರಣವೇನೆಂದು ಮೊದಲಿನಿಂದ ಹೇಳುತ್ತೇನೆ. ತಾಳ್ಮೆಯಿಂದ ಓದು.

ಹಿರಿಯರ ಕಾಗದದಲ್ಲಿ ಏನಿತ್ತು? ಅನುಶ್ರೀ ಇನ್ನೊಂದು ಮದುವೆಯಾಗಿ ಅರಕಲಗೂಡಿಗೆ ಹೋಗಲು ಯಾರದೂ ಅಡ್ಡಿಯಿಲ್ಲ. ಮಗಳು ಹೇಮಾವತಿ ಮಾತ್ರ ಅಪ್ಪನ ಮನೆಯ ಕೂಸು, ಅಜ್ಜಿಯ ಹತ್ತಿರವೇ ಬೆಳೆಯತಕ್ಕದ್ದು. ತಾಯಿ ಹಳೇಕೋಟೆಗೆ ಬರತಕ್ಕದ್ದಲ್ಲ. ಇಂಥ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ಹೊಳೆನರಸೀಪುರದ ವಕೀಲರೊಬ್ಬರನ್ನು ಮುಂಚೆಯೇ ಕೇಳಿದ್ದೆ. ಅವರು ಹೇಳಿದ್ದನ್ನು ಕೆಂಪಣ್ಣನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ನೀನು ಆ ಕಾಗದಕ್ಕೆ ಹೆದರಲಿಲ್ಲ, ನನಗೆ ಹೆದರಿ ರುಜು ಹಾಕಿದೆ. ಅದೂ ನನಗೆ ಗೊತ್ತಿತ್ತು.

ಇನ್ನು ಶಾಲೆಯ ವಿಷಯ. ಒಂದನೇ ಕ್ಲಾಸಿಗೆ ಸೇರಿದ ಎರಡೇ ತಿಂಗಳಲ್ಲಿ ಹೇಮಾಳನ್ನು ನಾನು ಶಾಲೆ ಬಿಡಿಸಿದೆ. ಅಲ್ಲಿ ಪಾಠ ಸರಿಯಿಲ್ಲ, ವ್ಯಾನಿನಲ್ಲಿ ಮಕ್ಕಳನ್ನು ಕುರಿ ತುಂಬಿದಂತೆ ತುಂಬುತ್ತಾರೆ, ಮೊಮ್ಮಗಳಿಗೆ ನಾನೇ ಮನೆಯಲ್ಲಿ ಓದಿಸುತ್ತೇನೆ ಎಂದು ಊರಿಗೆಲ್ಲ ಸಾರಿದೆ. ಅದು ಸುಳ್ಳು. ಶಾಲೆಯಲ್ಲಿ ಏನೂ ತಪ್ಪಿರಲಿಲ್ಲ. ಪ್ರತಿ ಗುರುವಾರ ನೀನು ಬಸ್ಸಿನಲ್ಲಿ ಬಂದು, ಊಟದ ಬಿಡುವಿನಲ್ಲಿ ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಮಗಳಿಗೆ ತುತ್ತು ಕೊಡುತ್ತೀಯ ಎಂಬ ಸುದ್ದಿ ಕೆಂಪಣ್ಣನ ಕಿವಿಗೆ ಬಿತ್ತು. ಅವನು ಹಜಾರದಲ್ಲಿ ನಾಲ್ಕು ಜನರ ಮುಂದೆ ಕೇಳಿದ:

“ಏನತ್ತಿಗೆ, ನಿಮ್ ಮಾತು ಈ ತಾಲೂಕ್ನಾಗೆ ನಡೆಯಕಿಲ್ವಾ? ಗೇಟ್ ತಾವ ಬಂದು ತುತ್ತು ಕೊಟ್ಟೋಯ್ತಾಳಂತೆ!”

ಮಾರನೆಯ ದಿನ ನಾನು ಟಿ.ಸಿ. ತಂದೆ. ನೀನು ಆ ಗುರುವಾರವೂ ಬಂದು, ಬಿಸಿಲಿನಲ್ಲಿ ನಿಂತು, ಮಗು ಬಾರದ್ದನ್ನು ಕಂಡು ಹೋದೆಯಂತೆ. ಶಾಲೆಯ ಆಯಾ ಹೇಳಿ ಕಳಿಸಿದಳು. ಕೇಳಿಸಿಕೊಂಡೂ ನಾನು ಮಗುವನ್ನು ವಾಪಸು ಸೇರಿಸಲಿಲ್ಲ.

ಮನೆಯ ಪಾಠದಲ್ಲಿ ನಾನು ಸೋಮಾರಿಯಾಗಲಿಲ್ಲ. ಕನ್ನಡ, ಲೆಕ್ಕ, ಮಗ್ಗಿ, ಎಲ್ಲದಕ್ಕೂ ವೇಳೆ ಗೊತ್ತುಮಾಡಿ ಕೂರಿಸಿದೆ. ವರ್ಷದೊಳಗೆ ಹೇಮಾ ದಿನಪತ್ರಿಕೆಯ ಹೆಡ್ಡಿಂಗುಗಳನ್ನು ತಡೆಯಿಲ್ಲದೆ ಓದುವ ಹಾಗಾದಳು. ಬಂದವರ ಮುಂದೆಲ್ಲ ಓದಿಸಿ ಬೀಗಿದೆ. ಆದರೆ ಹಾಸನದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಅವಳ ವಯಸ್ಸಿನದೇ ಒಂದು ಹುಡುಗಿ ಬಲೂನಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಕೊಡು ಎಂದಳು. ಹೇಮಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಕೆಂಪಣ್ಣ ಪಾಯಸದ ಲೋಟ ಹಿಡಿದುಕೊಂಡು ನಕ್ಕ: “ಅತ್ತಿಗೆ ಯೂನಿವರ್ಸಿಟೀಲಿ ಇಂಗ್ಲೀಷು ಇನ್ನೂ ಓಪನ್ ಆಗಿಲ್ಲ ಕಣವ್ವಾ!”

ಎಲ್ಲರೂ ನಕ್ಕರು. ಇಂಗ್ಲಿಷಿನಲ್ಲಿ ನನಗೆ ಬಂದಿದ್ದು ಮೂವತ್ತೆಂಟು ಅಂಕ. ಅದನ್ನು ನಾನು ಯಾರಿಗೂ ಹೇಳಿದವಳಲ್ಲ.

ಅವತ್ತೇ ತೀರ್ಮಾನಿಸಿದೆ, ಮಗುವಿಗೆ ಇಂಗ್ಲಿಷ್ ಸ್ಪೆಲಿಂಗ್ ಕಲಿಸಲು ಒಂದು ಸರಳವಾದ ಕ್ರಮ ಹುಡುಕಬೇಕು. ನನಗೆ ಅರ್ಥವಾಗುವಂಥದ್ದು, ಮನೆಯಲ್ಲೇ ಮಾಡುವಂಥದ್ದು. ಮೊದಲು ಹಾಸನದಲ್ಲೇ ಒಂದು ಕೋಚಿಂಗ್ ಕೇಂದ್ರಕ್ಕೆ ಹೋದೆ. ಗೋಡೆಯ ತುಂಬ ಬಣ್ಣದ ಅಕ್ಷರ, ಪ್ಲಾಸ್ಟಿಕ್ ಹಣ್ಣು. ವಾರಕ್ಕೆ ಮೂರು ದಿನ ಬರಬೇಕು, ತಾಯಿ ಜೊತೆಯಲ್ಲಿ ಕೂರಬೇಕು ಎಂದರು. ಫಾರಮ್ಮಿನಲ್ಲಿ ‘ತಾಯಿಯ ರುಜು’ ಎಂದು ಒಂದು ಚೌಕ ಇತ್ತು. ಅದನ್ನು ಮಡಿಚಿ ಮೇಜಿನ ಮೇಲಿಟ್ಟು ಎದ್ದು ಬಂದೆ.

ಆಮೇಲೆ ಯಾರೋ ಹೇಳಿದರೆಂದು ಟ್ಯಾಬ್ ತರಿಸಿದೆ. ಅದರಲ್ಲಿ ಒಂದು ಮೊಲ, ಸರಿ ಬರೆದರೆ ಚಪ್ಪಾಳೆ ಹೊಡೆಯುತ್ತಿತ್ತು, ತಪ್ಪಿದರೆ ಕಣ್ಣೀರು ಹಾಕುತ್ತಿತ್ತು. ಮೊಲ ಅಳುವುದನ್ನು ನೋಡುವುದೇ ಹೇಮಾಳಿಗೆ ಮಜಾ ಆಗಿಹೋಯಿತು. ಹತ್ತು ದಿನಕ್ಕೆ ಅದನ್ನು ಬೀರುವಿನೊಳಗೆ ಇಟ್ಟೆ. ಕೊನೆಗೆ ನನ್ನ ಕಾಲದ ದಾರಿಯನ್ನೇ ಹಿಡಿದು ಒಂದೊಂದು ಪದವನ್ನು ಇಪ್ಪತ್ತು ಸಲ ಬರೆಸಿದೆ. ಅವಳು ಬುದ್ಧಿವಂತೆ. ಮೊದಲ ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಇಪ್ಪತ್ತು ಸಲ, ಆಮೇಲೆ ಎರಡನೆಯದನ್ನು ಇಪ್ಪತ್ತು ಸಲ, ಭತ್ತದ ಸಸಿ ನೆಟ್ಟ ಹಾಗೆ ಸಾಲು ಹಿಡಿದು ಪುಟ ತುಂಬಿಸಿದಳು. ಪುಟ ತುಂಬಿತು, ತಲೆಗೆ ಒಂದೂ ಇಳಿಯಲಿಲ್ಲ.

ಶ್ರಾವಣದಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಶಿವಯ್ಯನವರ ಪುಸ್ತಕದಂಗಡಿ ಇದೆ. ಎರಡು ಗೆರೆ ಕಾಪಿ ಕೊಳ್ಳುತ್ತ, ಮನೆಯಲ್ಲಿ ಓದುವ ಮಗುವಿಗೆ ಸುಲಭದ ಸ್ಪೆಲಿಂಗ್ ಪುಸ್ತಕ ಇದೆಯಾ ಎಂದು ಕೇಳಿದೆ. ಆತ ನನ್ನನ್ನು ಒಂದು ಗಳಿಗೆ ನೋಡಿ, “ಮನೇಲಿ ಯಾರಮ್ಮಾ ಏಳ್ಕೊಡೋರು?” ಎಂದ. “ನಾನೇ ಕಣಪ್ಪ, ಅಜ್ಜಿ” ಎಂದೆ. ಆತ ಗಲ್ಲಾದ ಕೆಳಗಿನಿಂದ ಒಂದು ಸ್ಪೈರಲ್ ಪುಸ್ತಕ ತೆಗೆದ. ಅದಕ್ಕೆ ಒಂದು ಮೆಮೊರಿ ಕಾರ್ಡನ್ನು ಟೇಪಿನಲ್ಲಿ ಅಂಟಿಸಿತ್ತು.

“ಇದ್ರಲ್ಲಿ ಚಿತ್ರ ಇಲ್ಲ, ಆಟ ಇಲ್ಲ. ಒಬ್ರು ಟೀಚರಮ್ಮ ಮಾಡವ್ರೆ. ದಿನಕ್ಕೆ ಅತ್ತು ನಿಮಿಷ, ಮೂರೇ ಪದ. ನೀವು ಏನೂ ಏಳ್ಕೊಡೋ ಅಂಗಿಲ್ಲ, ಕೂಸಿನ್ ಪಕ್ಕ ಕುಂತ್ಕಂಡ್ರೆ ಸಾಕು” ಎಂದ.

ನನಗೆ ಒಪ್ಪಿಗೆಯಾಯಿತು. ಅರವತ್ತು ಪಾಠ. ಎಲ್ಲವೂ ಅಚ್ಚು ಮಾಡಿದ್ದು, ಕೈಬರಹ ಒಂದೂ ಇಲ್ಲ, ಬರೆದವರ ಹೆಸರಿಲ್ಲ. ಮೊದಲ ಪುಟದಲ್ಲಿ ಕನ್ನಡದಲ್ಲಿ ಎರಡು ಸಾಲು: ಎರಡು ಪದ ತಪ್ಪಿದರೆ ಅದೇ ಪಾಠವನ್ನು ಮತ್ತೆ ಕೇಳಿಸಿ. ಬೈಯಬೇಡಿ.

ದೇವರ ಹಾಡು ಹಾಕುವ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಕಾರ್ಡ್ ಸಿಕ್ಕಿಸಿ ಮಗುವನ್ನು ಕೂರಿಸಿದೆ. ಹೆಂಗಸೊಬ್ಬಳ ದನಿ ಬಂತು. ‘ರೇನ್’ ಎಂದು ಹೇಳಿ, ಅದನ್ನು ಬಿಡಿಸಿ ಹೇಳಿ, ಬರೆಯಲು ಬಿಟ್ಟು, ಮತ್ತೆ ಒಂದು ಸಲ ಹೇಳುತ್ತಿತ್ತು. ಆಮೇಲೆ ‘ಟ್ರೇನ್’, ಆಮೇಲೆ ‘ಪೇಂಟ್’. ಪಾಠದ ಕೊನೆಯಲ್ಲಿ “ಚೆನ್ನಾಗಿ ಬರೆದೆ. ಹಾಲು ಕುಡಿದು ಮಲಗು. ನಾಳೆ ಸಿಗೋಣ” ಎನ್ನುತ್ತಿತ್ತು. ಹೇಮಾ ಪೆಟ್ಟಿಗೆಗೆ “ಹೂಂ” ಎನ್ನುತ್ತಿದ್ದಳು. ಮಗುವಿಗೆ ಮರ್ಯಾದೆ ಗೊತ್ತು ಎಂದುಕೊಂಡೆ. ಹಾಲು ಎಂದರೆ ಮುಖ ತಿರುಗಿಸುತ್ತಿದ್ದವಳು ಅವತ್ತಿನಿಂದ ಲೋಟ ಖಾಲಿ ಮಾಡಿ ಮಲಗುತ್ತಿದ್ದಳು.

ಆ ದನಿಯನ್ನು ನಾನು ಎಷ್ಟು ಹೊಗಳಿದೆನೆಂದು ನೀನು ಕೇಳಬೇಕಿತ್ತು. ಗುಡಿಸಲು ಬಂದ ರೇವಮ್ಮನನ್ನು ನಿಲ್ಲಿಸಿ, “ನೋಡು, ಟೀಚರು ಅಂದ್ರೆ ಇಂಗಿರ್ಬೇಕು. ಗಂಟಲು ಗಂಟೆ ಇದ್ದಂಗೈತೆ. ನಮ್ಮನುಶ್ರೀನೂ ಟೀಚರ್ ಓದಿದ್ಲು, ಏನ್ ಬಂತು, ಬಾಯಾಗೆ ಮಾತೇ ಇರ್ಲಿಲ್ಲ” ಎಂದೆ. ರೇವಮ್ಮ ಪೊರಕೆ ಹಿಡಿದು ಅಲ್ಲೇ ನಿಂತಳು. ಆಮೇಲೆ “ಊಂ ಕಣಮ್ಮಾ” ಎಂದು ಒಳಗೆ ಹೋದಳು.

ಐವತ್ತೆರಡನೆಯ ಪಾಠದವರೆಗೆ ಮಗು ನೀರು ಕುಡಿದಂತೆ ಕಲಿಯಿತು. ಅಲ್ಲಿಗೆ ನಿಂತಿತು. ಹತ್ತೊಂಬತ್ತು ದಿನ ಅದೇ ಪಾಠ. ದಿನವೂ ಮೂರರಲ್ಲಿ ಎರಡು ತಪ್ಪು. ನಿನ್ನೆ ಸರಿ ಬರೆದದ್ದು ಇವತ್ತು ತಪ್ಪು, ಇವತ್ತು ಸರಿಯಾದದ್ದು ನಾಳೆ ತಪ್ಪು. ಬೈಯಬೇಡಿ ಎಂದು ಪುಸ್ತಕದಲ್ಲಿತ್ತು, ಬೈದೆ. ಕಳೆದ ಮಂಗಳವಾರ ರಾತ್ರಿ ಅವಳು ಒಂದು ಪದವನ್ನು ಸರಿಯಾಗಿ ಬರೆದು, ನನ್ನತ್ತ ಕಳ್ಳನೋಟ ಬೀರಿ, ರಬ್ಬರಿನಿಂದ ಅಳಿಸಿ ತಪ್ಪು ಬರೆದದ್ದನ್ನು ಕಣ್ಣಾರೆ ಕಂಡೆ. ಕೈ ಎತ್ತಿ ಕೆನ್ನೆಗೆ ಒಂದು ಕೊಟ್ಟೆ.

ಅವಳು ಅಳಲಿಲ್ಲ. ಮೊದಲು ಪೆಟ್ಟಿಗೆಯ ಕಡೆ ನೋಡಿದಳು. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಎದ್ದು ಹೋಗಿ ಗುಂಡಿ ಒತ್ತಿ ಆಫ್ ಮಾಡಿ ಬಂದು, ಪಿಸುಮಾತಿನಲ್ಲಿ ಹೇಳಿದಳು: “ಜೋರಾಗಿ ಒಡೀಬೇಡ ಅಜ್ಜಿ. ಅಮ್ಮಂಗೆ ಕೇಳ್ಸುತ್ತೆ.”

“ಯಾವಮ್ಮಂಗೆ?” ಎಂದೆ.

“ನಮ್ಮಮ್ಮಂಗೆ. ಪಾಠ ಏಳೋದು ಅಮ್ಮನೇ ಅಲ್ವಾ?”

ಯಾವತ್ತಿನಿಂದ ಗೊತ್ತು ಎಂದು ಕೇಳಿದೆ. ಮೊದಲ ದಿನದಿಂದ ಎಂದಳು. ಹಾಗಾದರೆ ತಪ್ಪು ಯಾಕೆ ಬರೆಯುತ್ತೀ ಎಂದೆ. “ಅರವತ್ತು ಮುಗುದ್ರೆ ಅಮ್ಮ ಮಾತಾಡಲ್ಲ. ತಪ್ಪು ಬರುದ್ರೆ ಇನ್ನೊಂದ್ಸಲ ಮಾತಾಡುತ್ತೆ” ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಏಳು ವರ್ಷದ ಕೂಸು ನೆಲ ನೋಡಿಕೊಂಡು, “ಏಳಿದ್ರೆ, ಇಸ್ಕೂಲು ಬಿಡ್ಸಿದಂಗೆ ಇದ್ನೂ ಬಿಡ್ಸಿಬಿಡ್ತಿದ್ದೆ” ಎಂದಿತು.

ಊರಿಗೆಲ್ಲ ಹೇಳಿದ ಸುಳ್ಳನ್ನು ನಂಬದವಳು ಅವಳೊಬ್ಬಳೇ. ಮೂರು ತಿಂಗಳು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತು, ತಾಯಿಯ ದನಿ ಕೇಳುತ್ತ, ಮುಖದಲ್ಲಿ ಒಂದು ಗೆರೆಯನ್ನೂ ತೋರದೆ ನನಗೆ ಹೆದರಿ ಬಚ್ಚಿಟ್ಟುಕೊಂಡಿದ್ದಳು. ಮಗ್ಗಿ ಕಲಿಸಿದೆ, ವಚನ ಕಲಿಸಿದೆ ಎಂದು ಬೀಗುತ್ತಿದ್ದೆನಲ್ಲ, ಇದನ್ನು ಕಲಿಸಿದವಳೂ ನಾನೇ.

ಅವಳು ಮಲಗಿದ ಮೇಲೆ ಪೆಟ್ಟಿಗೆಯನ್ನು ಕಿವಿಗೆ ಹತ್ತಿರ ಹಿಡಿದು ಕೇಳಿದೆ. ಗೊತ್ತಾದ ಮೇಲೂ ನನಗೆ ಗುರುತು ಹತ್ತಲಿಲ್ಲ, ಅನುಶ್ರೀ. ಎಂಟು ವರ್ಷ ನನ್ನ ಮನೆಯಲ್ಲಿದ್ದವಳು ನೀನು. ಮದುವೆಯಾಗಿ ಬಂದ ಹೊಸದರಲ್ಲಿ ಹಿತ್ತಿಲಿನಿಂದ ಕಾಂತರಾಜುವನ್ನು ಏನೋ ಕೂಗಿ ಕರೆದು ನಕ್ಕಿದ್ದೆ. ಹಜಾರದಲ್ಲಿ ಗಂಡಸರು ಕುಳಿತಿದ್ದರು. ನಾನು ಒಳಗೆ ಬಂದು, “ನಮ್ಮನೆ ಸೊಸೇರ ದನಿ ಅಜಾರಕ್ಕೆ ಕೇಳಿಸ್ಬಾರ್ದು” ಎಂದೆ. ನನ್ನ ಅತ್ತೆ ನನಗೆ ಹೇಳಿದ್ದೂ ಅದನ್ನೇ, ಅವರಿಗೆ ಅವರ ಅತ್ತೆ ಹೇಳಿದ್ದೂ ಅದನ್ನೇ. ಎರಡನೆಯ ಸಲ ನಿನಗೆ ಹೇಳಬೇಕಾಗಿ ಬರಲಿಲ್ಲ. ಕರೋನಾದಲ್ಲಿ ಕಾಂತರಾಜು ಹೋದನೆಂದು ಆಸ್ಪತ್ರೆಯಿಂದ ಫೋನು ಬಂದಾಗಲೂ ನೀನು ಸೆರಗು ಕಚ್ಚಿಕೊಂಡು ಅತ್ತಿದ್ದೆ. ನನ್ನ ಗೋಳು ಮೂರು ಬೀದಿಗೆ ಕೇಳಿತು, ನಿನ್ನದು ಅಡುಗೆಮನೆಯ ಬಾಗಿಲು ದಾಟಲಿಲ್ಲ. ಇವಳಿಗೆ ಅಷ್ಟು ದುಃಖವಿಲ್ಲ ಎಂದು ನಾನು ನೆಂಟರ ಹತ್ತಿರ ಹೇಳಿದೆ. ಹೇಳಿದ್ದು ಹೌದು, ಬರೆಯುತ್ತಿದ್ದೇನೆ.

ಬುಧವಾರ ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ಶಿವಯ್ಯ ನನ್ನನ್ನು ಕಂಡೊಡನೆ ಎದ್ದು ನಿಂತ. ಬೈಯುತ್ತೇನೆಂದುಕೊಂಡನೋ ಏನೋ. ನೀನು ಅರಕಲಗೂಡು, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ನಾಲ್ಕು ಊರಿನ ಹನ್ನೊಂದು ಅಂಗಡಿಗಳಲ್ಲಿ ಒಂದೊಂದು ಪುಸ್ತಕ ಇಟ್ಟು ಬಂದಿದ್ದೆಯಂತೆ. “ಮನೇಲೇ ಕೂಸಿಗೆ ಪಾಠ ಏಳೋ ಅಜ್ಜಿ ಯಾರಾದ್ರೂ ಬಂದು ಕೇಳುದ್ರೆ ಇದ್ನೇ ಕೊಡಿ, ಬೇರೆ ಯಾರ್ಗೂ ಮಾರ್ಬೇಡಿ ಅಂದಿತ್ತು ಆಯಮ್ಮ. ತಿಂಗ್ಳಿಗೊಂದ್ಸಲ ಬಂದು, ಓಯ್ತಾ ಅಂತ ಕೇಳೋದು. ನೀವು ತಕಂಡೋದ್ರಿ ಅಂತ ಏಳಿದ್ ದಿನ ಈ ಸ್ಟೂಲ್ ಮೇಲೆ ಕುಂತ್ಕಂಡು, ನೀರು ಕೇಳಿ ಕುಡುದ್ಲು” ಎಂದ.

ನಾನು ಇಂಥ ಪುಸ್ತಕ ಹುಡುಕುತ್ತಿದ್ದೇನೆಂದು ನಿನಗೆ ಹೇಳಿದವರು ಯಾರೆಂದು ನಾನು ಕೇಳುವುದಿಲ್ಲ. ರೇವಮ್ಮ ನಾಲ್ಕು ದಿನದಿಂದ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾಳೆ. ಅವಳನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದು ನೀನೇ ಹೇಳಿಬಿಡು, ನನಗೆ ಹೇಳಲು ಬಾಯಿ ಬರುವುದಿಲ್ಲ.

ಗುರುವಾರ ಕೆಂಪಣ್ಣನ ಮನೆಗೆ ಹೋಗಿ ಹಿರಿಯರ ಕಾಗದ ಕೇಳಿದೆ. ಯಾಕೆ ಎಂದ. ಹೇಳಿದೆ. ಅವನು ಕೂತಲ್ಲಿಂದ ಎದ್ದ.

“ಅತ್ತಿಗೆ, ತಲೆ ನೆಟ್ಟಗೈತಾ? ಕಾಂತನ ಎಸರು ಉಳಿಯಾಕೆ ಇರಾದು ಅದೊಂದೇ ಕೂಸು. ಇನ್ನೊಬ್ಬನ ಮನೇಗೆ ಬುಡ್ತೀರಾ?”

“ಎಸರು ಒರಾಕೆ ಅದೇನು ಎತ್ತಾ ಕೆಂಪಣ್ಣ? ಏಳು ವರ್ಷದ ಕೂಸು ಕಣಪ್ಪ” ಎಂದೆ.

“ಊರೋರು ಏನಂತಾರೆ? ಬೆಟ್ಟಮ್ಮ ಸೋತ್ಲು ಅಂತಾರೆ.”

“ಅನ್ಲಿ. ನಿನ್ ಬಾಯಾಗೇ ಸುರು ಆಗ್ಲಿ” ಎಂದೆ.

ಅವನು ಕಾಗದ ತಂದು ಕೊಟ್ಟ. ಇನ್ನು ಮುಂದೆ ನಮ್ಮ ಮನೆಯ ಹೊಸಿಲು ತುಳಿಯುವುದಿಲ್ಲ ಎಂದೂ ಹೇಳಿದ. ಅವನ ಮನೆಯ ಒಲೆಗೇ ಆ ಕಾಗದ ಹಾಕಿ ಬಂದೆ.

ಶುಕ್ರವಾರ ಟಿ.ಸಿ., ಜನನ ಪತ್ರ, ಆಧಾರ್, ಚುಚ್ಚುಮದ್ದಿನ ಕಾರ್ಡು ಎಲ್ಲವನ್ನೂ ಒಂದು ಕವರಿಗೆ ಹಾಕಿದೆ. ನಿನ್ನೆ ಶನಿವಾರ ಬೆಳಿಗ್ಗೆ ಹೇಮಾಳ ತಲೆಗೆ ನೀರೆರೆದು, ಎರಡು ಜಡೆ ಹಾಕಿ, ರೇವಮ್ಮನ ಜೊತೆ ಹತ್ತು ಗಂಟೆಯ ಅರಕಲಗೂಡಿನ ಬಸ್ಸಿಗೆ ಹತ್ತಿಸಿದೆ. ಎರಡು ದಿನದ ಬಟ್ಟೆಯಲ್ಲ, ಇದ್ದ ಬಟ್ಟೆಯನ್ನೆಲ್ಲ ಕಳಿಸಿದ್ದೇನೆ. ಬ್ಯಾಗಿನ ಭಾರ ನೋಡಿದಾಗಲೇ ನಿನಗೆ ಅರ್ಥವಾಗಿರಬಹುದು. ಆಗದಿದ್ದರೆ ಇಲ್ಲಿ ಬರೆದಿದ್ದೇನೆ: ಹೇಮಾವತಿ ಇನ್ನು ತಾಯಿಯ ಹತ್ತಿರ ಇರತಕ್ಕದ್ದು. ನಾನಾಗಲಿ, ಈ ಮನೆಯ ಬೇರೆ ಯಾರೇ ಆಗಲಿ ಅವಳನ್ನು ವಾಪಸು ಕೇಳತಕ್ಕದ್ದಲ್ಲ. ಇದು ನನ್ನ ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಮಾಡಿದ್ದು. ಜೂನಿನವರೆಗೆ ಕಾಯದೆ ಶಾಲೆಗೆ ಸೇರಿಸು. ಎಡಗೈಯಲ್ಲಿ ಬರೆಯಲು ನೋಡುತ್ತಾಳೆ, ನಾನು ತಪ್ಪಿಸುತ್ತಿದ್ದೆ. ನೀನು ತಪ್ಪಿಸಬೇಡ.

ಕ್ಷಮೆ ಕೇಳುವುದಕ್ಕೆ ಈ ಕಾಗದ ಬರೆದಿಲ್ಲ. ನನಗೆ ಅದು ಬರುವುದಿಲ್ಲ, ಕಲಿಯುವ ವಯಸ್ಸೂ ದಾಟಿತು. ಮಾಡಿದ್ದನ್ನು ಬರೆದಿದ್ದೇನೆ. ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದೇನೆ.

ಇಂತು,
ಬೆಟ್ಟಮ್ಮ

ತಾ.ಕ.: ಒಂದು ವಿಷಯ ಬಿಟ್ಟಿದ್ದೇನೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಸೆರಗು ಬಿಡಲಿಲ್ಲ. ಅಜ್ಜಿಯೂ ಬಂದರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದಳು. ಕಂಡಕ್ಟರ್ ಸೀಟಿ ಊದುತ್ತಿದ್ದ. ಮುಂದಿನ ಭಾನುವಾರ ಬಂದೇ ಬರುತ್ತೇನೆ ಎಂದು ಹೇಳಿ ಸೆರಗು ಬಿಡಿಸಿಕೊಂಡೆ. ನಾನು ಬರುವುದಿಲ್ಲ. ದೇವರಾಜುವಿನ ಮೇಲೆ ನನಗೆ ಕೋಪವಿಲ್ಲ. ಅವಳು ಅವನನ್ನು ಅಪ್ಪಾ ಎಂದು ಕರೆಯಲಿ, ಕರೆಯಬೇಕು. ನನ್ನ ಕಿವಿಗೆ ಮಾತ್ರ ಅದು ಬೀಳುವುದು ಬೇಡ. ನೀನೇ ಏನಾದರೂ ಹೇಳು. ನಾಲ್ಕು ಭಾನುವಾರ ಬಾಗಿಲು ಕಾಯುತ್ತಾಳೆ, ಆಮೇಲೆ ಮರೆಯುತ್ತಾಳೆ. ಮಕ್ಕಳು ಬೇಗ ಮರೆಯುತ್ತಾರೆ. ನೀನು ಹೋದ ದಿನವೂ ನಾನು ಇದನ್ನೇ ಹೇಳಿದ್ದೆ.